ಅಳಿಸಿಹೋದ ಹಚ್ಚೆ

“ನಮ್ಮ ತಂಗಿ ಮದುವಿ ಫೋಟೋ ಕ್ರೀಮಿನ ಜಾಹೀರಾತಿಗೆ ಮಾರೀರೇನು?”

ಅಳವಂಡಿಯ ದುರುಗೇಶ ಮೊಬೈಲನ್ನು ಮೇಜಿನ ಮೇಲೆ ಕುಕ್ಕಿದ. ಕೊಪ್ಪಳದ ಆ ಸ್ಟುಡಿಯೋದಲ್ಲಿದ್ದವರೆಲ್ಲ ಬಗ್ಗಿ ನೋಡಿದರು. ಜಾಹೀರಾತಿನಲ್ಲಿ ಅವನ ತಂಗಿ, ಪಕ್ಕದಲ್ಲಿ ಅಜ್ಜಿ ಹುಲಿಗವ್ವ— ಇಬ್ಬರೂ ಹಾಲಿನಲ್ಲಿ ಅದ್ದಿ ತೆಗೆದಷ್ಟು ಬೆಳ್ಳಗೆ.

ಮಾಲೀಕ ವಿರುಪಾಕ್ಷಿಗೆ ಕಳ್ಳರನ್ನು ಹುಡುಕಲು ಹೊತ್ತೇ ಹಿಡಿಯಲಿಲ್ಲ. ಫೋಟೋ ತಿದ್ದುವವಳು ನೇತ್ರಾವತಿ, ಮತ್ತ್ಯಾರು ಮಾರಬೇಕು? ಅವಳನ್ನು ಕೆಲಸದಿಂದ ಬಿಡಿಸಿದ. ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಸ್ಟುಡಿಯೋದವರಿಗೆಲ್ಲ ‘ಇವಳು ಕಳ್ಳಿ’ ಎಂದು ಫೋನು ಮಾಡಿದ. ಪೊಲೀಸರ ನೆನಪು ಸಾವಕಾಶವಾಗಿ ಆಮೇಲೆ ಬಂತು. ನೇತ್ರಾವತಿಗೆ ಅಳುವಿಗಿಂತ ಸಿಟ್ಟೇ ಹೆಚ್ಚಾಯಿತು. ಅವಳಿಗೆ ಗೊತ್ತಿದ್ದದ್ದು ಇದೊಂದೇ ಕೆಲಸ. ಈಗ ಜಿಲ್ಲೆಯಲ್ಲೆಲ್ಲೂ ಅದು ಸಿಗುವಂತಿರಲಿಲ್ಲ.

ತನಿಖೆಗೆ ಬಂದ ಸಬ್ ಇನ್‌ಸ್ಪೆಕ್ಟರ್ ಶರಣಬಸಮ್ಮ ಅವಳನ್ನೂ ಸ್ಟುಡಿಯೋಕ್ಕೆ ಕರೆಸಿದರು. ಮೊದಲ ಪ್ರಶ್ನೆ ಮದುವೆಯ ಫೋಟೋ ತೆಗೆದಿದ್ದ ಜಾವೇದನಿಗೆ.

“ನೀ ಕೊಟ್ಟಿಯೇನು?”

“ನನ್ನ ಕಡೆ ಇರೂದು ತಿದ್ದಲಾರದ ಫೋಟೋರಿ ಮೇಡಂ. ಅದ್ರಾಗ ಇಷ್ಟು ಬೆಳ್ಳಗ ಎಲ್ಲಿ ಅದಾರ?”

“ಅಂದ್ರ ತಿದ್ದಿದಾಕಿನೇ!” ವಿರುಪಾಕ್ಷಿ ನಡುವೆ ಬಾಯಿ ಹಾಕಿದ.

ಶರಣಬಸಮ್ಮ ಮದುವೆಯ ಆಲ್ಬಮ್ ಬಿಚ್ಚಿ, ಜಾಹೀರಾತು ತೆರೆದಿದ್ದ ಮೊಬೈಲಿನ ಪಕ್ಕಕ್ಕಿಟ್ಟರು. ಆಲ್ಬಮ್ಮಿನಲ್ಲಿ ಹುಲಿಗವ್ವನ ಗದ್ದದ ಮೇಲೆ ಹಸಿರು ಹಚ್ಚೆ. ಜಾಹೀರಾತಿನಲ್ಲಿ ಗದ್ದ ಬೋಳು!

“ಇದ್ಯಾಕ ಹಿಂಗ?”

“ಬೆಳ್ಳಗ ಮಾಡಾಕ ಫೋಟೋ ಸಾಫ್ಟ್‌ವೇರಿಗೆ ಜೋಡಿಸಿದ ಪ್ಲಗ್-ಇನ್ ಐತ್ರಿ, ಅದು ಹಚ್ಚಿನ್ನ ಮುಖದ ಕಲೆ ಅಂತ ತಿಳದು ಒರಸ್ತೈತ್ರಿ,” ಎಂದಳು ನೇತ್ರಾವತಿ. “ಹಚ್ಚಿ ಇಲ್ದಿದ್ರ ಮನ್ಯಾಗಿನವರ ಅಜ್ಜಿ ಗುರುತ ಹಿಡಿಯಂಗಿಲ್ಲ. ಅದಕ್ಕ ನಾ ಕೈಲೆ ತಿರುಗಿ ಕೂಡಿಸ್ತೀನಿ. ಆಮ್ಯಾಲೇ ಸೇವ್ ಮಾಡೂದು.”

ಕಂಪ್ಯೂಟರನ್ನು ಜಾಲಾಡಿದರೂ ಹಚ್ಚೆಯಿಲ್ಲದ ಪ್ರತಿ ಸಿಗಲಿಲ್ಲ. ಶರಣಬಸಮ್ಮ ಕಂಪ್ಯೂಟರಿನ ಹಿಂದೆ ಬಗ್ಗಿ ನೋಡಿದರು. ಆಮೇಲೆ ಇಂಟರ್ನೆಟ್ಟಿನ ವೈರು ಕಿತ್ತರು.

“ಈಗ ಆ ಪ್ಲಗ್-ಇನ್ ಓಡಸು ನೇತ್ರಾವತಿ.”

ಪ್ಲಗ್-ಇನ್ ಗಿರಗಿರ ತಿರುಗಿ ನಿಂತೇಬಿಟ್ಟಿತು.

“ನೋಡಿದ್ರಿ? ಫೋಟೋ ಇಲ್ಲಿ ಬೆಳ್ಳಗಾಗಂಗಿಲ್ಲ. ಪ್ಲಗ್-ಇನ್ ಮಾಡಿದವರ ಕಂಪ್ಯೂಟರಿಗೆ ಹೋಗಿ ಬೆಳ್ಳಗಾಗಿ ಬರ್ತೈತಿ. ಹಚ್ಚಿ ಹೋಗಿದ್ದು ಅಲ್ಲೇ, ಅದಿಲ್ಲದ ಫೋಟೋ ಉಳದದ್ದೂ ಅಲ್ಲೇ. ಕದ್ದವ್ರು ಅವ್ರು. ಅವ್ರನ್ನ ನಾವು ಹಿಡೀತೀವಿ. ಆದ್ರ ಅವ್ರಿಗೆ ಬಾಗಲಾ ತೆಗದವರ‍್ಯಾರು?”

ಅವರು ಪರದೆಯನ್ನು ವಿರುಪಾಕ್ಷಿಯ ಕಡೆ ತಿರುಗಿಸಿದರು. ಪ್ಲಗ್-ಇನ್ ಹೆಸರಿನ ಮುಂದೆ ಕೆಂಪು ಅಕ್ಷರ— ಸಾಫ್ಟ್‌ವೇರ್ ಕಂಪನಿಯ ಅನುಮೋದನೆ ಇಲ್ಲ.

“ಇಂಥಾದನ್ನ ಕಂಪ್ಯೂಟರಿನೊಳಗ ಬಿಡಾಕ ಮಾಲೀಕರ ಬೆರಳಚ್ಚು ಒತ್ತಬೇಕು. ಯಾರ ಬೆರಳ್ರಿ?”

ವಿರುಪಾಕ್ಷಿ ಕೈಯನ್ನು ಮಡಚಿಕೊಂಡ. “ಪುಕ್ಕಟ ಇತ್ರಿ... ಬ್ಯಾಡ ಅಂತ ಬರದಿತ್ತು. ಏನಾಗ್ತೈತಿ ಬಿಡು ಅಂತ ಒತ್ತಿದೆ.” ಮತ್ತೆ ತಲೆ ತಗ್ಗಿಸಿ, “ತಪ್ಪಾತವಾ ನೇತ್ರಾ. ನಾಳಿಂದ ಕೆಲಸಕ್ಕ ಬಾ.”

“ಅದು ಆಮ್ಯಾಲಿನ ಮಾತ್ರಿ.” ನೇತ್ರಾವತಿ ಮೇಜಿನ ಮೇಲಿದ್ದ ಅವನ ಫೋನನ್ನು ಅವನ ಮುಂದಕ್ಕೆ ತಳ್ಳಿದಳು. “ನಾ ಕಳ್ಳಿ ಅಲ್ಲ ಅಂತ ಹೇಳಾಕ ಮೊದಲ ಎಲ್ಲಾ ಸ್ಟುಡಿಯೋದವ್ರಿಗೂ ಫೋನ್ ಹಚ್ರಿ. ಗಂಗಾವತಿಯಿಂದ ಸುರು ಮಾಡ್ರಿ.”

ಅವನು ಫೋನು ಹಚ್ಚಿದ. ಗಂಗಾವತಿಯವರು ಎತ್ತಿದರು. ವಿರುಪಾಕ್ಷಿ ಗಂಟಲು ಸರಿಮಾಡಿಕೊಂಡ. ನೇತ್ರಾವತಿ ಕೈ ಚಾಚಿ ಸ್ಪೀಕರ್ ಒತ್ತಿದಳು.