ಒತ್ತೆಯಿಟ್ಟ ಉಸಿರು

"ಬಾಯಿ ತೆಗೀರಿ... ಇನ್ನೂ ದೊಡ್ಡದಾಗಿ!"

ಕುರ್ಚಿಯಲ್ಲಿ ಒರಗಿದ್ದ ಯುವಕ ಬಾಯಿ ತೆರೆಯುವ ಬದಲು ದಂತವೈದ್ಯೆಯ ಮಣಿಕಟ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡ.

ಪಕ್ಕದ ಬೀದಿಯ ಪ್ರಾರ್ಥನಾ ಮಂದಿರದಲ್ಲಿ ಪ್ರವಚನ ಮಾಡುವ ಅವನನ್ನು ಎಲ್ಲರೂ ಕಿರಿಗುರು ಎನ್ನುತ್ತಿದ್ದರು. ದೇವರ ಬಗ್ಗೆ ಗಂಟೆಗಟ್ಟಲೆ ಮಾತಾಡುವವನು ಈಗ ಸೂಜಿ ನೋಡಿ ಬೆವರುತ್ತಿದ್ದ!

"ಕೈ ಬಿಡ್ತೀರೋ, ಅಕ್ಕನ್ನ ಕರೀಲೋ?" ಎಂದಳು ದಂತವೈದ್ಯೆ.

"ನಾನು ಬಂದ್ರೆ ಇಕ್ಕಳ ಕೂಡ ಬೇಡ!" ಹೊರಗೆ ರೋಗಿಗಳ ಹೆಸರು ಬರೆದುಕೊಳ್ಳುತ್ತಿದ್ದ ಅವಳ ಅಕ್ಕ ಕೂಗಿದಳು.

ಅವನಿಗೆ ನಗು ಬಂತು. ಕೈ ಸಡಿಲವಾಯಿತು. ಆದರೆ ಆ ಬೆರಳುಗಳ ಬಿಸಿ ಅವಳ ಮಣಿಕಟ್ಟಿನಲ್ಲೇ ಉಳಿಯಿತು...

"ಜಾಗವೇ ಇಲ್ಲದ ಕಡೆ ದೇವರು ಈ ಬುದ್ಧಿಹಲ್ಲು ಯಾಕಿಟ್ಟ ಡಾಕ್ಟ್ರೇ?"

"ನಮ್ಮ ಪೂರ್ವಜರ ದವಡೆ ದೊಡ್ಡದಿತ್ತು. ಬೇಯಿಸಿ ತಿನ್ನೋದು ಕಲಿತ ಮೇಲೆ ತಲೆಮಾರು ಕಳೆದಂತೆ ಚಿಕ್ಕದಾಗ್ತಾ ಬಂತು. ಹಲ್ಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ, ಅಷ್ಟೇ."

"ಅಂದ್ರೆ ದೇವರು ಮೊದಲು ಒಂದು ಥರ ಮಾಡಿ, ಆಮೇಲೆ ಮನಸ್ಸು ಬದಲಿಸಿದನಾ? ಪರಿಪೂರ್ಣನಾದವನು ಮನಸ್ಸು ಬದಲಿಸಲ್ಲ. ಬದಲಿಸಿದ್ರೆ ಮೊದಲನೆಯದು ತಪ್ಪು ಅಂತಾಯ್ತಲ್ಲ!"

"ಬದಲಿಸದಿದ್ರೆ ನೀವು, ನಾನು ಇಲ್ಲಿ ಇರ್ತಾನೇ ಇರಲಿಲ್ಲ. ಈಗ ಬಾಯಿ ತೆಗೀರಿ."

ಹಲ್ಲು ಕಿತ್ತ ಗಾಯ ಮಾಗಿದ ಮೇಲೂ ಅವನು ಬರುತ್ತಿದ್ದ. ವಾದ ಮಾಡಲು ಎನ್ನುತ್ತಿದ್ದ. "ಬಾಯಲ್ಲಿ ಹಲ್ಲಿಗಿಂತ ನೆಪಾನೇ ಜಾಸ್ತಿ ಇದೆ," ಎಂದು ಅಕ್ಕ ಗೊಣಗುತ್ತಿದ್ದಳು. ದಂತವೈದ್ಯೆಗೋ, ಬಾಗಿಲು ಸದ್ದಾದಾಗಲೆಲ್ಲ ಎದೆ ಹಾರುತ್ತಿತ್ತು.

ಒಂದು ಮಧ್ಯಾಹ್ನ ಬಾಗಿಲು ತೆರೆದಾಗ ಬಂದವಳು ಅವನ ತಾಯಿ.

ಕೂರಿ ಎಂದರೂ ಕೂರಲಿಲ್ಲ. ಎಡಗೆನ್ನೆಗೆ ಸೆರಗು ಒತ್ತಿ ಹಿಡಿದು, ತಣ್ಣಗೆ ಹೇಳಿದಳು:

"ಹುಟ್ಟಿದಾಗ ನನ್ನ ಮಗನಿಗೆ ಉಸಿರೇ ಇರಲಿಲ್ಲ. ಬದುಕಿಸು, ನಿನಗೇ ಕೊಡ್ತೀನಿ, ಸಂಸಾರಕ್ಕೆ ಬಿಡಲ್ಲ ಅಂತ ದೇವರಿಗೆ ಹರಕೆ ಹೊತ್ತೆ. ಬದುಕಿಸಿದ. ಕೊಟ್ಟಿದ್ದನ್ನ ಯಾರಾದ್ರೂ ಕಿತ್ಕೊಂಡ್ರೆ... ಆ ಉಸಿರನ್ನ ವಾಪಸ್ ತಗೋತಾನೆ ಕಣಮ್ಮಾ."

ಅವಳು ಹೋದ ಮೇಲೂ ಆ ಮಾತು ಕೋಣೆ ಬಿಟ್ಟು ಹೋಗಲಿಲ್ಲ.

'ಮೂಢನಂಬಿಕೆ! ನಾನು ಓದಿದವಳು...' ಎಂದುಕೊಂಡಳು ದಂತವೈದ್ಯೆ. ಆದರೂ ಮರುದಿನ ಅವನು ಮೆಟ್ಟಿಲು ಹತ್ತಿ ಬಂದು ಸುಮ್ಮನೆ ಕೆಮ್ಮಿದಾಗ ಅವಳು ಅವನ ಉಸಿರನ್ನೇ ಎಣಿಸತೊಡಗಿದಳು.

"ಇನ್ನು ಬರಬೇಡಿ. ನೀವು ನನಗೆ ಒಬ್ಬ ರೋಗಿ, ಅಷ್ಟೇ."

"ಇಷ್ಟು ದಿನ ಆಟ ಆಡಿದ್ರಾ?" ಎಂದವನೇ ಉತ್ತರಕ್ಕೂ ಕಾಯದೆ ಇಳಿದು ಹೋದ.

ಆಮೇಲೆ ಅವನು ಊಟ ಬಿಟ್ಟಿದ್ದಾನೆ, ಪ್ರವಚನದ ನಡುವೆ ಮಾತು ಮರೆಯುತ್ತಾನೆ ಎಂದು ಅಕ್ಕ ಸುದ್ದಿ ತಂದಳು. ತಂಗಿ ಮರೆಯಲ್ಲಿ ಅತ್ತಳು. 'ದ್ವೇಷಿಸಲಿ... ಬದುಕಿದ್ದರೆ ಸಾಕು!'

ಒಂದು ಬೆಳಿಗ್ಗೆ ಅವನದೇ ಫೋನು ಬಂತು.

"ಅಮ್ಮನ ಕುತ್ತಿಗೆ ಊದಿದೆ. ಎಂಜಲು ನುಂಗಕ್ಕಾಗ್ತಿಲ್ಲ. ಆಸ್ಪತ್ರೆಗೆ ಬರಲ್ಲ ಅಂತಾಳೆ. ದಯವಿಟ್ಟು..."

"ಆಂಬುಲೆನ್ಸ್‌ಗೆ ಹೇಳಿ. ಬಂದೆ!" ಎಂದು ಓಡಿದಳು.

ತಾಯಿ ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೊಳೆತ ದವಡೆಹಲ್ಲಿನ ಕೀವು ಇಳಿದು ಗಂಟಲನ್ನು ಒಳಗಿನಿಂದ ಒತ್ತುತ್ತಿತ್ತು.

"ಈಗಲೇ ಆಸ್ಪತ್ರೆಯಲ್ಲಿ ಕೊಯ್ದು ಕೀವು ತೆಗೀಬೇಕು. ತಡ ಆದ್ರೆ ಗಾಳಿ ಹೋಗೋ ದಾರಿಯೇ ಮುಚ್ಚಿಹೋಗುತ್ತೆ!"

ತಾಯಿ ತಲೆಯಾಡಿಸಿದಳು. ಮಾತು ತೊದಲುತ್ತಿತ್ತು.

"ಮುಟ್ಟಬೇಡ... ಮಗ ಸೊರಗೋದು ನೋಡಕ್ಕಾಗಲಿಲ್ಲ. ಅವನನ್ನ ಬಿಟ್ಟುಬಿಡು, ಬದಲಿಗೆ ನನ್ನ ಉಸಿರು ತಗೋ ಅಂತ ದೇವರನ್ನ ಕೇಳ್ಕೊಂಡೆ. ತಗೋತಿದ್ದಾನೆ. ನೀನು ನನ್ನ ಉಳಿಸಿದ್ರೆ... ಮಗನದನ್ನ ತಗೋತಾನೆ."

ದಂತವೈದ್ಯೆಯ ಕೈ ಅಲ್ಲೇ ನಿಂತಿತು. ಹೌದೇನೋ ಎಂಬ ಕರಾಳ ಭಯ ಅವಳನ್ನೂ ಹಿಡಿಯಿತು!

ಅವನು ತಾಯಿಯ ಕಾಲ ಬಳಿ ಕುಸಿದು ಕೂತ.

"ಅಮ್ಮಾ, ನಾನು ಉಸಿರಿಲ್ಲದೆ ಹುಟ್ಟಿದ್ದೆ. ನೀನು ಅತ್ತು ಕೇಳಿದೆ, ದೇವರು ಮನಸ್ಸು ಬದಲಿಸಿದ ಅಂತ ತಾನೇ ನೀನು ನಂಬಿರೋದು? ಅವತ್ತು ಅವನು ಬದಲಿಸಿದ ಅಂದ್ಮೇಲೆ... ಇವತ್ತು ನಾನು ಅಳ್ತಿದ್ದೀನಲ್ಲಮ್ಮಾ, ಯಾಕೆ ಬದಲಿಸಬಾರದು?"

"ಪರಿಪೂರ್ಣ... ಬದಲಾಗಲ್ಲ ಅಂತ... ನೀನೇ ಹೇಳ್ತಿದ್ದೆ..."

"ಗೊತ್ತಿಲ್ಲದೆ ಹೇಳಿದೆ! ಅಳೋರನ್ನ ಕಂಡೂ ಬದಲಾಗದವನು ಯಾವ ಪರಿಪೂರ್ಣ?"

ತಾಯಿ ಮಗನ ಮುಖ ನೋಡಿದಳು. ಉಸಿರು ಸಿಳ್ಳೆಯಂತೆ ಸದ್ದು ಮಾಡಿತು. ಕೊನೆಗೆ ಕೈಯನ್ನು ದಂತವೈದ್ಯೆಯ ಕಡೆ ಚಾಚಿದಳು.

ಆಸ್ಪತ್ರೆಯಲ್ಲಿ ಕೀವು ತೆಗೆದು, ಉಸಿರಾಡಲು ಕುತ್ತಿಗೆಗೆ ತೂತು ಮಾಡಿ ಕೊಳವೆ ಹಾಕಿದರು. "ಉಸಿರಾಟ ಸರಿಯಾಗಿದೆ. ಆದ್ರೆ ಸೋಂಕು ಎದೆಗೆ ಇಳೀದೆ ಇರಬೇಕು. ಕಾದು ನೋಡೋಣ," ಎಂದರು ಶಸ್ತ್ರವೈದ್ಯರು.

ಅವರಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತರು.

"ನಾನು ಆಟ ಆಡಲಿಲ್ಲ," ಎಂದಳು ಅವಳು. "ನಿಮ್ಮಮ್ಮ ಬಂದು ಹೇಳಿದ್ದು ಕೇಳಿ ಹೆದರಿಬಿಟ್ಟೆ. ಓದಿದ್ದೆಲ್ಲ ನೀರಲ್ಲಿ ಹೋಮ! ನೀವು ಕೆಮ್ಮಿದ್ರೂ ನನ್ನ ಜೀವ ಹೋಗ್ತಿತ್ತು..."

ಅವನ ಕಣ್ಣು ತುಂಬಿತು. "ಅಂದ್ರೆ... ನಾನು ನಿಮಗೆ ಬರೀ ರೋಗಿ ಅಲ್ಲ ಅಂತಾನಾ?"

"ಅಲ್ಲ. ಯಾವತ್ತೂ ಅಲ್ಲ."

ಒಳಗೆ ಯಂತ್ರ ಒಮ್ಮೆ ಜೋರಾಗಿ ಕೂಗಿತು. ಇಬ್ಬರೂ ಬೆಚ್ಚಿ ಎದ್ದರು. ನರ್ಸ್ ಓಡಿ ಹೋದಳು... ಸದ್ದು ನಿಂತಿತು. ಬಾಗಿಲಲ್ಲಿ ಇಣುಕಿ, ಏನಿಲ್ಲ ಎಂಬಂತೆ ಕೈಯಾಡಿಸಿದಳು.

"ದೇವರು ಒಪ್ಪದೇ ಇದ್ರೆ?" ಅವಳು ಪಿಸುಗುಟ್ಟಿದಳು. "ನಮ್ಮನ್ನ... ಶಿಕ್ಷಿಸಿದ್ರೆ?"

"ಗೊತ್ತಿಲ್ಲ. ನನಗೂ ಹೆದರಿಕೆ ಆಗ್ತಿದೆ."

"ಹಾಗಿದ್ರೆ?"

"ಒಬ್ಬೊಬ್ಬರೇ ಹೆದರೋದು ಬೇಡ," ಎಂದ ಅವನು. "ಇಲ್ಲೇ ಇರ್ತೀಯಾ?"

ಅವನು ಮೊದಲ ಸಲ ಏಕವಚನದಲ್ಲಿ ಕರೆದಿದ್ದ.

"ಇರ್ತೀನಿ ಕಣೋ," ಎಂದಳು ಅವಳು.