ಅಕ್ಕನ ಮನೆಯ ಏಳು ತಿಂಗಳು

ಆ ತಮ್ಮ ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಮೂರು ಬೀದಿಯ ಬಾಡಿಗೆದಾರರೆಲ್ಲ ಬರುವ ವರ್ಷದ ಬಾಡಿಗೆಯನ್ನೂ ಹೊಸ್ತಿಲ ಮೇಲಿಟ್ಟು, ಕೈಮುಗಿದು, ಹಿಂದೆ ಹಿಂದೆ ಸರಿದು ಹೋಗುತ್ತಿದ್ದರು! ಒಮ್ಮೆ ಅವನು ಸೀನಿದಾಗ ಪಕ್ಕದ ಊರಿನವನೊಬ್ಬ ಯಾರ ಸಾಲವೆಂದೂ ಕೇಳದೆ ತೀರಿಸಿ ಹೋದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಅಂಥ ಶೂರ ಒಂದು ಬೆಳಿಗ್ಗೆ ತನ್ನ ಕ್ಷೌರದ ಅಂಗಡಿಯಲ್ಲಿ ಕತ್ತರಿ ಒರೆಸುತ್ತಿದ್ದಾಗ ಫೋನು ರಿಂಗಾಯಿತು. ಎರಡು ದಿನದ ರೈಲು ಪ್ರಯಾಣದಾಚೆಯ ಊರಿನಲ್ಲಿ ನರ್ಸಾಗಿದ್ದ ಅಕ್ಕ. ಮಾತಿಗಿಂತ ಮೊದಲು ಬಿಕ್ಕು ಕೇಳಿಸಿತು... ಹನ್ನೊಂದು ವರ್ಷ ಪಾಳಿಯ ಮೇಲೆ ಪಾಳಿ ದುಡಿದು, ತಮ್ಮನಿರುವ ಊರಿನಲ್ಲಿ ಅವಳು ಎರಡು ಕೋಣೆಯ ಮನೆಯೊಂದನ್ನು ಕೊಂಡಿದ್ದಳು. ತನ್ನದೆಂದು ಹೇಳಿಕೊಳ್ಳಲು ಅವಳಿಗಿದ್ದದ್ದು ಅದೊಂದೇ. ಅದರಲ್ಲಿ ಬಾಡಿಗೆಗಿದ್ದ ದರ್ಜಿ ದಂಪತಿ ಏಳು ತಿಂಗಳ ಬಾಡಿಗೆ ಕೊಡದೆ, ಬೀಗದ ಕೈಯನ್ನು ಕಿಟಕಿಯಲ್ಲಿಟ್ಟು ಮನೆ ಬಿಟ್ಟು ಹೋಗಿದ್ದರು. ಕರೆ ಮಾಡಿದರೆ ಫೋನೂ ಎತ್ತುತ್ತಿರಲಿಲ್ಲ.

“ಅತ್ತೆ ಮನೆ ಮಾರು ಅಂತ ಕೂತಿದ್ದಾರೆ ಕಣೋ. ಬಂದ ದುಡ್ಡನ್ನ ನಿನ್ನ ಭಾವನ ಅಂಗಡಿಗೆ ಹಾಕ್ತಾರಂತೆ. ಭಾನುವಾರ ಕೊಳ್ಳೋರು ಸಹಿಗೆ ಬರ್ತಾರೆ...”

ಹಿಂದಿನಿಂದ ಅತ್ತೆಯ ದನಿ ಒಗ್ಗರಣೆಯಂತೆ ಸಿಡಿಯಿತು. “ಬಾಡಿಗೆ ಬಾರದ ಮನೆ, ಹಾಲು ಕೊಡದ ಹಸು, ಎರಡೂ ಒಂದೇ! ಕಾಯೋಕೆ ತಮ್ಮ ಇದ್ದಾನೆ ಅಂದ್ಯಲ್ಲ, ಎಲ್ಲಮ್ಮಾ ನಿನ್ನ ಕಾವಲುಗಾರ?”

“ಅವರನ್ನ ಹುಡುಕಿ ಒಂದು ಮಾತು ಕೇಳ್ತೀಯೇನೋ?” ಎಂದಳು ಅಕ್ಕ.

“ಕೇಳೋದೇನಕ್ಕಾ, ಆಗ್ಲೇ ವಸೂಲಾಯ್ತು!” ಎಂದ ತಮ್ಮ. ಚಪ್ಪಲಿ ಕೂಡ ಮೆಟ್ಟಿರಲಿಲ್ಲ ಪುಣ್ಯಾತ್ಮ! “ಪೂರ್ತಿ. ಶನಿವಾರದೊಳಗೆ ನಿನ್ನ ಕೈ ಸೇರುತ್ತೆ.”

ಆ ಕಡೆ ಅಕ್ಕ ಫೋನಿಗೆ ಕೈ ಅಡ್ಡ ಹಿಡಿದು, “ಎಲ್ಲಾ ಬಂತಂತೆ ಅತ್ತೆ” ಎಂದದ್ದು ಕೇಳಿಸಿತು. ಅತ್ತೆಯ ಬಾಯಿ ಮುಚ್ಚಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ!

ಇನ್ನು ವಸೂಲಿಯ ಪ್ರತಾಪ ಕೇಳಿ. ಊರಿನ ಆಚೆ ತುದಿಯ ಒಂಟಿ ಕೋಣೆಯಲ್ಲಿ ಅಡಗಿದ್ದ ದರ್ಜಿಯನ್ನು ತಮ್ಮ ವಾಸನೆಯಿಂದಲೇ ಪತ್ತೆಹಚ್ಚಿದ. ಅವನ ಒಂದು ಗುಡುಗಿಗೆ ಹೊಲಿಗೆಯಂತ್ರದ ಚಕ್ರ ಹಿಂದಕ್ಕೆ ತಿರುಗಿತು, ಗೋಡೆಗೆ ತೂಗುಹಾಕಿದ್ದ ಅಂಗಿಗಳು ತೋಳೆತ್ತಿ ಶರಣೆಂದವು! ದರ್ಜಿ ಗಡಗಡ ನಡುಗಿ, ಅಷ್ಟನ್ನೂ ತಂದು ಸುರಿದ. ಶನಿವಾರ ಹಣ ಅಕ್ಕನ ಕೈಸೇರಿತು, ಭಾನುವಾರ ಕೊಳ್ಳುವವರು ಬಂದ ದಾರಿ ಹಿಡಿದರು, ಮನೆ ಉಳಿಯಿತು. ಶುಭಂ.

ಶುಭಂ ಎಂದೇ ಮುಗಿಸಬಹುದಿತ್ತು. ಆದರೆ ಆರು ತಿಂಗಳ ಮೇಲೆ ರಜೆ ಹಾಕಿ ಬಂದ ಅಕ್ಕ, ರೈಲಿಳಿದವಳೇ ನೇರ ಕ್ಷೌರದ ಅಂಗಡಿಗೆ ಬಂದಳು. ಗಿರಾಕಿಯೊಬ್ಬ ಮುಖಕ್ಕೆ ನೊರೆ ಹಚ್ಚಿಸಿಕೊಂಡು ಇದೇ ಕಥೆಯನ್ನು ಬಾಯಿಬಿಟ್ಟು ಕೇಳುತ್ತಿದ್ದ. ಹೇಳುತ್ತಿದ್ದವನು ಯಾರೆಂದು ಇನ್ನು ಮುಚ್ಚಿಟ್ಟು ಫಲವಿಲ್ಲ. ಆ ತಮ್ಮ ನಾನೇ.

ಗಿರಾಕಿ ಎದ್ದು ಹೋಗುವವರೆಗೆ ಅಕ್ಕ ಬೆಂಚಿನ ಮೇಲೆ ಕಾದು ಕೂತಿದ್ದಳು.

“ಇಲ್ಲಿ ಎರಡು ಕುರ್ಚಿ ಇತ್ತಲ್ಲೋ?”

“ಒಂದಕ್ಕೆ ವಯಸ್ಸಾಗಿತ್ತಕ್ಕಾ. ನಿವೃತ್ತಿ ಕೊಟ್ಟೆ.”

“ದರ್ಜಿ ಹೆಂಡತಿ ತಿಂಗಳು ತಿಂಗಳೂ ನನ್ನ ಖಾತೆಗೆ ಚೂರು ಚೂರು ಹಾಕ್ತಾ ಇದ್ದಾಳೆ. ಅವಳ ಬಾಕಿ ಅವಳು ತೀರಿಸ್ತಿದ್ದಾಳೆ ಅಂದ್ರೆ, ಆವತ್ತು ನೀನು ಕಳಿಸಿದ್ದು ಯಾರ ದುಡ್ಡೋ?”

ನಾನು ಒರೆಸಿಟ್ಟ ಕತ್ತರಿಯನ್ನೇ ಮತ್ತೆ ಒರೆಸತೊಡಗಿದೆ.

“ಮೊದಲನೇ ತಿಂಗಳೇ ಗೊತ್ತಾಯ್ತು. ಫೋನಲ್ಲಿ ಕೇಳಿದ್ರೆ ಇನ್ನೊಂದು ಬುರುಡೆ ಬಿಡ್ತಿದ್ದೆ. ಮುಖ ನೋಡಿ ಕೇಳೋಣ ಅಂತ ಕಾದೆ. ಅತ್ತೆಗೂ ಹೇಳಿದೀನಿ. ‘ಸುಳ್ಳುಬುರುಕನೇ, ಆದ್ರೆ ತಮ್ಮ ಅಂದ್ರೆ ಅವನು’ ಅಂದ್ರು.”

ನಡೆದದ್ದನ್ನು ಹೇಳಿದೆ. ಗುಡುಗಲೆಂದೇ ಹೋಗಿದ್ದೆ. ಬಾಗಿಲಲ್ಲಿ ನಿಂತವನನ್ನು ದಾರಿಹೋಕನೆಂದುಕೊಂಡ ದರ್ಜಿಯ ಹೆಂಡತಿ, “ಅಣ್ಣಾ, ಸ್ವಲ್ಪ ದಾರ ಪೋಣಿಸಿ ಕೊಡ್ತೀರಾ?” ಎಂದು ಸೂಜಿಗಳ ದಿಂಬನ್ನು ಮುಂದೆ ಹಿಡಿದಳು. ದರ್ಜಿಗೆ ಕಣ್ಣು ಪೂರಾ ಹೋಗಿತ್ತು. ಅವಳಿಗೂ ಹತ್ತಿರದ್ದು ಮಂಜು. ದಿನಾ ಬೆಳಿಗ್ಗೆ ಮೊದಲು ಹಾದುಹೋದವರ ಕೈಲಿ ಇಡೀ ದಿನದ ಸೂಜಿಗಳಿಗೆ ದಾರ ಹಾಕಿಸಿಟ್ಟುಕೊಂಡು, ಬೆರಳ ಅಂದಾಜಿನ ಮೇಲೆ ಗುಂಡಿ, ಕಾಜ ಹೊಲಿಯುತ್ತಿದ್ದಳು. ಹನ್ನೆರಡು ಸೂಜಿ ಪೋಣಿಸಿದೆ. ಆಮೇಲೆ ನಾನು ಯಾರೆಂದು ಹೇಳಿದೆ. ಅವಳು ಎದ್ದು ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು... “ನಿಧಾನಕ್ಕೆ ಕೊಡಿ” ಎಂದಷ್ಟೇ ಹೇಳಿ ಬಂದು, ಸಂಜೆ ಕುರ್ಚಿ ಮಾರಿದೆ. ಸಾಲದ್ದಕ್ಕೆ ಕೈಸಾಲ ಮಾಡಿದೆ.

ಅಕ್ಕ ಕಣ್ಣೊರೆಸಿಕೊಂಡು ಚೀಲದಿಂದ ಒಂದು ಲಕೋಟೆ ತೆಗೆದಳು. “ತಗೋ. ನಿನ್ನ ಕುರ್ಚಿ ವಾಪಸ್ ತಗೋ.”

“ಬೇಡಕ್ಕಾ.”

“ದೊಡ್ಡ ದಾನಶೂರ! ಹಿಡಿಯೋ.”

ಹಿಡಿಯಲಾಗಲಿಲ್ಲ. ದಾನಶೂರನೆಂದು ಅವಳು ನಂಬಿಬಿಟ್ಟರೆ ಅದು ನನ್ನ ಬುರುಡೆಗಳಲ್ಲೆಲ್ಲ ದೊಡ್ಡದಾಗುತ್ತಿತ್ತು. ಬಾಡಿಗೆ ನಿಂತ ತಿಂಗಳಿಂದಲೂ ಅವಳು ಕೇಳುತ್ತಲೇ ಇದ್ದಳು, “ಹೋಗಿ ನೋಡಿದ್ಯೇನೋ?” ನಾನು ಹೇಳುತ್ತಲೇ ಇದ್ದೆ, “ನಿನ್ನೆ ತಾನೇ ಹೋಗಿದ್ದೆ, ಗದರಿಸಿ ಬಂದೆ, ಕೊಡ್ತಾರಂತೆ.”

“ಅಕ್ಕಾ,” ಎಂದೆ, “ನಾನು ಒಂದು ಸಲವೂ ಹೋಗಿರಲಿಲ್ಲ. ಮೊದಲನೇ ತಿಂಗಳೇ ಹೋಗಿದ್ರೆ, ಆಗ ದರ್ಜಿಗೆ ಒಂದು ಕಣ್ಣಾದ್ರೂ ಕಾಣಿಸ್ತಿತ್ತಂತೆ. ನಿನಗೆ ಒಂದು ಫೋನು ಮಾಡಿದ್ರೆ ಸಾಕಿತ್ತು, ಯಾವ ಡಾಕ್ಟರಿಗೆ ತೋರಿಸ್ಬೇಕು ಅಂತ ನೀನೇ ಹೇಳ್ತಿದ್ದೆ...”

ಅಕ್ಕ ಲಕೋಟೆಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

“ನಡಿ, ಅವರ ಮನೆ ತೋರಿಸು. ಆತನ ಕಣ್ಣಂತೂ ಹೋಯ್ತು, ಅವಳದ್ದಾದ್ರೂ ಉಳಿಯುತ್ತೇನೋ ನೋಡ್ತೀನಿ.”

ಅಂಗಡಿಗೆ ಬೀಗ ಹಾಕಿ ಅವಳ ಹಿಂದೆ ನಡೆದೆ. ದಾರಿಯುದ್ದಕ್ಕೂ ನಾನು ಒಂದು ಬುರುಡೆಯೂ ಬಿಡಲಿಲ್ಲ. ಇದು ಮಾತ್ರ ಸತ್ಯ.