ದಿವಸಾ

"ಸುಜನ್, ಆ ಬಾಯಲ್ಲಿ ಕನ್ನಡ ಇಟ್ಟುಕೊಂಡು ಎಂತ ಮಾಡ್ತೀರಿ? ಉಪ್ಪಿನಕಾಯಿ ಹಾಕ್ತೀರಾ?"

ಮುಂಬೈ ಬಳಿಯ ವಿಠ್ಠಲವಾಡಿಯ ಸಣ್ಣ ಆಸ್ಪತ್ರೆಯೊಂದರ ಮೆಡಿಕಲ್ ಕೌಂಟರಿನ ಮೇಲೆ ನರ್ಸ್ ಅಶ್ಮಿತಾ ಮಾತ್ರೆಯ ಸ್ಟ್ರಿಪ್ಪನ್ನು ಟಪ್ಪೆಂದು ಇಟ್ಟಳು. ಫಾರ್ಮಾಸಿಸ್ಟ್ ಸುಜನ್ ತಲೆಯೆತ್ತಿದ. ನಿನ್ನೆಯವರೆಗೆ ಅವನ ಕಣ್ಣು ತನ್ನ ಮೇಲೆ ಒಂದು ಗಳಿಗೆ ಹೆಚ್ಚು ನಿಂತರೆ, ಡೊಂಬಿವಲಿ ಲೋಕಲ್‌ನ ನೂಕುನುಗ್ಗಲೂ ಅವಳಿಗೆ ಹಿತವಾಗಿರುತ್ತಿತ್ತು. ಇವತ್ತು ಮೈಯೆಲ್ಲ ಉರಿಯಿತು.

"ಕ್ಯಾ ಹುವಾ, ಸಿಸ್ಟರ್?"

"ಚಂದವ್ವನ ಒಸಡಿನಿಂದ ರಕ್ತ ಬರ್ತಾ ಉಂಟು. ಅದು ಹುವಾ!"

ಚಂದವ್ವ ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವಳು. ಹೃದಯದ ತೊಂದರೆಗೆ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದರು. ಇವತ್ತು ಮತ್ತೆ ದಾಖಲಾದಳು. ಮಾತ್ರೆ ಹೇಗೆ ತಗೊಳ್ತೀರಿ ಎಂದು ರೋಗಿಯ ಬಾಯಿಂದಲೇ ಹೇಳಿಸುವುದು ಅಶ್ಮಿತಾಳ ಪದ್ಧತಿ. ಬೆಳಿಗ್ಗೆ ವಾರ್ಡಿನಲ್ಲಿ ಚಂದವ್ವನನ್ನೂ ಹಾಗೇ ಕೇಳಿದ್ದಳು.

"ದಿವಸಾ ಒಂದ್ ನುಂಗೀನಿ ಯವ್ವಾ. ಒಂದಿನಾನೂ ತಪ್ಪಿಸಿಲ್ಲ. ಆ ಮೆಡಿಕಲ್ ಹುಡುಗ ದಿವಸಾ ಅಂದಾನಲ್ರೀ."

ಅಶ್ಮಿತಾ ಸ್ಟ್ರಿಪ್ ಎಣಿಸಿದ್ದಳು. ಹದಿನಾಲ್ಕು ದಿನ, ಹದಿನಾಲ್ಕು ತೂತು. ಏಳಿರಬೇಕಿತ್ತು.

ಸುಜನ್ ಹೇಳಿದ್ದು "ದಿವಸಾಆಡ". ಮರಾಠಿಯಲ್ಲಿ ಅದು ಒಂದು ದಿನ ಬಿಟ್ಟು ಒಂದು ದಿನ. ಚಂದವ್ವನ ಕಿವಿಗೆ ಬಿದ್ದದ್ದು ದಿವಸಾ ಮಾತ್ರ. ಅವಳ ಊರಲ್ಲಿ ಹಾಗೆಂದರೆ ಪ್ರತಿದಿನ.

"ಡಾಕ್ಟರು ಫೈಲಲ್ಲಿ ಎಂತ ಬರೆದಿದ್ದಾರೆ ಗೊತ್ತುಂಟಾ? ರೋಗಿ ಮನಸ್ಸಿಗೆ ಬಂದ ಹಾಗೆ ಔಷಧಿ ತಗೊಳ್ತಾಳೆ ಅಂತ! ಇನ್ನು ಯಾರು ನೋಡಿದರೂ ಅವಳ ಮುಖಕ್ಕಿಂತ ಮೊದಲು ಆ ಸಾಲು ಓದ್ತಾರೆ. ಅವಳು ನಿಮ್ಮ ಹತ್ರ ಕನ್ನಡದಲ್ಲೇ ಕೇಳಿದ್ದಲ್ವಾ?"

"ಹಾಂ."

"ಅಮ್ಮನ ಹತ್ರ ಫೋನಲ್ಲಿ ಕನ್ನಡ ಮಾತಾಡ್ತೀರಿ. ಇವಳ ಹತ್ರ ಎಂತ ನಾಚಿಕೆ?"

"ಮೇರಾ ಕನ್ನಡ... ಲೋಗ್ ಹಸ್ತೇ ಹೈ."

"ನಗಲಿ! ನಕ್ಕರೆ ಯಾರಿಗೂ ರಕ್ತ ಬರುವುದಿಲ್ಲ."

ಅವನ ಮುಖ ಸಣ್ಣದಾಯಿತು. ಅವಳಿಗೆ ಪಾಪ ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮಧ್ಯಾಹ್ನ ಫೈಲು ತೆರೆದರೆ ಆ ಸಾಲಿಗೆ ಡಾಕ್ಟರೇ ಗೀಟು ಹೊಡೆದಿದ್ದರು. ಕೆಳಗೆ ಸುಜನ್‌ನ ಅಕ್ಷರ: ತಪ್ಪು ರೋಗಿಯದಲ್ಲ, ಅರ್ಥವಾಗದ ಭಾಷೆಯಲ್ಲಿ ಹೇಳಿದ್ದು ನಾನು. ಪಕ್ಕದಲ್ಲಿ ಪೂರ್ತಿ ಹೆಸರಿನ ಸಹಿ. ಕೆಲಸಕ್ಕೇ ಕುತ್ತು ಬರಬಹುದಾದ ಸಹಿ.

ಅವಳು ವಾರ್ಡಿಗೆ ಓಡಿದಳು. ಸುಜನ್ ಚಂದವ್ವನ ಮಂಚದ ಬಳಿ ಸ್ಟೂಲಿನ ಮೇಲೆ ಕೂತಿದ್ದ. ಕಿವಿ ಕೆಂಪಾಗಿತ್ತು.

"ಈಗ ಗುಳಿಗೆ ಬಂದ್, ಅಮ್ಮಾ. ಡಾಕ್ಟರ್ ಮತ್ತೆ ಕೊಟ್ಟರೆ... ಒಂದು ದಿನ ತಗೋಬೇಕು, ಮರುದಿನ ಬಿಡಬೇಕು. ತಿರುಗಿ ಹೇಳಿ?"

"ಒಂದಿನ ತಗೋಳೋದು, ಮರುದಿನ ಬಿಡೋದು. ಎಷ್ಟ್ ಚಂದ ಮಾತಾಡ್ತಿಯಪಾ! ಅವತ್ತ ಯಾಕ ಮಾತಾಡಲಿಲ್ಲ?"

ಅವನು ಅವಳ ಹೊದಿಕೆ ಸರಿಮಾಡಿ ಎದ್ದ.

ಹೊರಗೆ ಕಾರಿಡಾರಿನಲ್ಲಿ ಅವನು ಅಶ್ಮಿತಾಳನ್ನು ತಡೆದ. "ನೀವಂದ್ರೆ... ನಂಗೆ ಇಷ್ಟ. ದಿವಸಾ ಹೇಳಬೇಕು ಅನ್ಕೊಳ್ತೇನೆ."

"ಯಾವ ದಿವಸಾ? ಒಂದು ದಿನ ಬಿಟ್ಟು ಒಂದು ದಿನವಾ?"

"ಪ್ರತಿದಿನ."

"ನನ್ನ ಸಿಟ್ಟು ಇನ್ನೂ ಇಳಿದಿಲ್ಲ."

"ಇರಲಿ. ನಾನು ಹೇಳಿದ್ದು ಅರ್ಥ ಆಯ್ತಾ, ಸಿಸ್ಟರ್? ತಿರುಗಿ ಹೇಳಿ."

ಅಶ್ಮಿತಾ ಹುಬ್ಬು ಗಂಟಿಕ್ಕಿಕೊಂಡೇ ಅವನನ್ನು ನೋಡಿದಳು. ಅವನ ಕಣ್ಣು ಈಗ ತಪ್ಪಿಸಿಕೊಳ್ಳಲಿಲ್ಲ.

"ಪ್ರತಿದಿನ," ಎಂದಳು.